ಭಾನುವಾರ ಕೇಳಿದ್ದು ಮನೆ ತನಕವೂ ಬರುವುದಿಲ್ಲ, ನೀವೆಲ್ಲ ಏನು ಮಾಡುತ್ತೀರಿ?

ಪ್ರಶ್ನೆ (ಹಾಸನದಿಂದ):
ಪ್ರತಿ ಭಾನುವಾರ ತಪ್ಪದೆ ಚರ್ಚಿನ ಆರಾಧನೆಗೆ ಹೋಗುತ್ತೇನೆ. ನಮ್ಮ ಪಾದ್ರಿ ಅಯ್ಯನವರ ಪ್ರಸಂಗ, ಅಂದರೆ ಬೋಧನೆ, ಕೇಳುವಾಗ ಕೆಲವು ಸಲ ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಹೊರಗೆ ಬಂದು ಮಟನ್ ಅಂಗಡಿ ಮುಂದೆ ನಿಲ್ಲುವಷ್ಟರಲ್ಲಿ ಬೈಬಲಿನ ಯಾವ ಅಧ್ಯಾಯ ಓದಿದರು ಅನ್ನುವುದೂ ಮರೆತಿರುತ್ತದೆ. ಹೋದ ವಾರ ಬಿತ್ತುವವನ ಸಾಮ್ಯ, ಅಂದರೆ ಬೀಜ ಬಿತ್ತುವವನ ಬಗ್ಗೆ ಯೇಸು ಹೇಳಿದ ಕಥೆ, ಓದಿದರು. ದಾರಿಯ ಮಗ್ಗುಲಲ್ಲಿ ಬಿದ್ದ ಬೀಜವನ್ನು ಹಕ್ಕಿಗಳು ತಿಂದವು ಅಂದಾಗ ಆ ದಾರಿ ನಾನೇ ಅನ್ನಿಸಿತು. ಸುಮ್ನೆ ಕೇಳಿ ಬರುವುದಷ್ಟೇ ಆಗಿದೆ. ನಿಮಗೂ ಹೀಗೆ ಆಗಿದೆಯಾ? ಉಪದೇಶ ಬೇಡ, ನೀವು ಮಾಡಿ ನೋಡಿದ್ದು ಹೇಳಿ.

ಮೂಡಿಗೆರೆ ಕಡೆಯಿಂದ:
ತಂಗಿ, ನನ್ನ ಕಷ್ಟ ಉಲ್ಟಾ. ಕೇಳಿದ್ದು ಚೆನ್ನಾಗಿ ನೆನಪಿತ್ತು, ಅದೇ ತೊಂದರೆ ಆಯಿತು.

ನಾವು ಕಥೋಲಿಕರು, ಐದು ಎಕರೆ ಕಾಫಿ ಇದೆ. ನಮ್ಮಲ್ಲಿ ಭಾನುವಾರ ಓದುವ ಶುಭಸಂದೇಶ, ಅಂದರೆ ಯೇಸುವಿನ ಜೀವನ ಹೇಳುವ ಬೈಬಲ್ ಪುಸ್ತಕಗಳು, ಮೂರು ವರ್ಷದ ಸುತ್ತು. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಮತ್ತೊಂದು ವರ್ಷ ಲೂಕ. 2022 ಲೂಕನ ವರ್ಷ. ಅಕ್ಟೋಬರ್ 30ಕ್ಕೆ ಜಕ್ಕಾಯನ ಕಥೆ ಬಂತು. ಕುಳ್ಳ ಸುಂಕದವನು ಯೇಸುವನ್ನು ನೋಡಲು ಮರ ಹತ್ತಿದ್ದನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಅವತ್ತು ಕಿವಿಗೆ ಬಿದ್ದಿದ್ದು ಬೇರೆ. ಯಾರಿಂದಲಾದರೂ ಮೋಸ ಮಾಡಿ ತಗೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂತಾನಲ್ಲ, ಅದು. ಇನ್ನು ಸ್ವಲ್ಪ ದಿನಕ್ಕೆ ಅರೇಬಿಕಾ ಕೊಯ್ಲು ಶುರುವಾಗುವುದಿತ್ತು. ಕೊಯ್ಯುವವರಿಗೆ ಕೆಜಿ ಲೆಕ್ಕದ ಕೂಲಿ. ಸಂಜೆ ತೂಕ ಹಾಕುವಾಗ ಚೀಲ, ಎಲೆ, ಕಡ್ಡಿ ಅಂತ ಎರಡು ಕೆಜಿ ಕಳೆಯುವುದು ನಮ್ಮಪ್ಪನ ಕಾಲದಿಂದ ಬಂದ ರೂಢಿ. ಖಾಲಿ ಚೀಲ ಎರಡು ಕೆಜಿ ತೂಗುವುದಿಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಹಾಗಂತ ಆ ವಾರವೇ ನಿಲ್ಲಿಸಿದೆ ಅಂದುಕೊಳ್ಳಬೇಡಿ. ಡಿಸೆಂಬರ್ ಕೊನೆ ಬಂತು, ಅರ್ಧ ಕೊಯ್ಲು ಮುಗಿದಿತ್ತು. ಕ್ರಿಸ್‌ಮಸ್ ಮಾರನೇ ದಿನ ಆ ಸಾಲಿನಲ್ಲಿ ಕಳೆದದ್ದನ್ನೆಲ್ಲ ಲೆಕ್ಕ ಹಾಕಿ ಕೊಟ್ಟೆ. ನಾಲ್ಕರಷ್ಟು ಕೊಡುವ ಮನಸ್ಸು ಬರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ಒಬ್ಬಾಕೆ ದುಡ್ಡು ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡು, 'ಹೋದ ವರ್ಷದ್ದು ಅಣ್ಣಾ?' ಅಂದಳು. ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. 2025ಕ್ಕೆ ಲೂಕನ ವರ್ಷ ಮತ್ತೆ ಬಂತು, ಆದರೆ ಆ ಭಾನುವಾರ ನವೆಂಬರ್ 2, ಮೃತರ ಸ್ಮರಣೆಯ ದಿನ, ಹಾಗಾಗಿ ಜಕ್ಕಾಯನ ಪಾಠ ಓದಲೇ ಇಲ್ಲ. ಬಚಾವಾದೆ ಅನ್ನಿಸಿತು. ಆಮೇಲೆ ನಾಚಿಕೆಯೂ ಆಯಿತು.

ಅರಸೀಕೆರೆಯಿಂದ:
ನಾನು ಟೀಚರ್, ಬರೆದುಕೊಳ್ಳದಿದ್ದರೆ ಸಮಾಧಾನ ಇಲ್ಲ. ಪ್ರಸಂಗ ಕೇಳುತ್ತಾ ನಾಲ್ಕು ನೋಟ್‌ಬುಕ್ ತುಂಬಿಸಿದೆ, ಮುಖ್ಯ ಅಂಶಕ್ಕೆಲ್ಲ ಕೆಂಪು ಗೆರೆ ಬೇರೆ. ಒಂದು ದಿನ ಬೈಬಲಿನಲ್ಲಿ ಯೆಹೆಜ್ಕೇಲ ಪ್ರವಾದಿಯ ಪುಸ್ತಕದ 33ನೇ ಅಧ್ಯಾಯದ ಕೊನೆ ಓದಿದೆ. ಜನ ಪ್ರವಾದಿಯ ಮುಂದೆ ಬಂದು ಕೂರುತ್ತಾರೆ, ಇಂಪಾಗಿ ಹಾಡುವವನ ಹಾಡು ಕೇಳಿದ ಹಾಗೆ ಕೇಳುತ್ತಾರೆ, ಎದ್ದು ಹೋಗುತ್ತಾರೆ, ಹೇಳಿದ್ದನ್ನು ಮಾತ್ರ ಮಾಡುವುದಿಲ್ಲ. ನನ್ನ ನಾಲ್ಕು ನೋಟ್‌ಬುಕ್‌ಗೂ ಅಲ್ಲೇ ಮಾರ್ಕ್ಸ್ ಬಿತ್ತು!

ಈಗ ಒಂದೇ ಸಾಲು ಬರೆಯುತ್ತೇನೆ. ಯಾರಿಗೆ, ಏನು, ಯಾವತ್ತಿನ ಒಳಗೆ. 'ಓರಗಿತ್ತಿಗೆ ಫೋನ್, ಮಂಗಳವಾರ.' ಇಷ್ಟೇ. 'ಎಲ್ಲರನ್ನೂ ಪ್ರೀತಿಸಬೇಕು' ಅಂತ ಬರೆದರೆ ಯಾರಿಗೂ ಫೋನ್ ಹೋಗುವುದಿಲ್ಲ. ಮಂಗಳವಾರ ದಾಟಿದ ವಾರಗಳೇ ಜಾಸ್ತಿ, ಆದರೂ ಏನು ಮಾಡಲಿಲ್ಲ ಅನ್ನುವುದಾದರೂ ನೆನಪಿರುತ್ತದಲ್ಲ.

ಸಕಲೇಶಪುರದಿಂದ:
ಅಕ್ಕಾ, ಅಳು ಬರುವುದನ್ನು ಜಾಸ್ತಿ ನಂಬಬೇಡಿ. ನಾನು ಪಿಯುಸಿಯಿಂದ ಡಿಗ್ರಿ ಮುಗಿಯುವುದರೊಳಗೆ ಉಜ್ಜೀವನ ಕೂಟಗಳಲ್ಲಿ, ಅಂದರೆ ಭಕ್ತಿ ಎಬ್ಬಿಸುವ ಸಭೆಗಳಲ್ಲಿ, ನಾಲ್ಕು ಸಲ ಕೈ ಎತ್ತಿದ್ದೇನೆ. ಯೇಸುವನ್ನು ಸ್ವೀಕರಿಸುವವರು ಕೈ ಎತ್ತಿ ಅನ್ನುತ್ತಾರೆ, ಮೆಲ್ಲಗೆ ಕೀಬೋರ್ಡ್ ನುಡಿಯುತ್ತಿರುತ್ತದೆ, ಪಕ್ಕದವನೂ ಎತ್ತಿರುತ್ತಾನೆ. ಒಂದು ಕೂಟದಲ್ಲಂತೂ ಎಷ್ಟು ಕೈ ಅಂತ ವೇದಿಕೆಯಿಂದಲೇ ಎಣಿಸಿದರು. ನನ್ನನ್ನು ನಾಲ್ಕು ಸಲ ಎಣಿಸಿದ ಲೆಕ್ಕ ಆಯಿತು.

ಮತ್ತಾಯ 21ರಲ್ಲಿ ಇಬ್ಬರು ಮಕ್ಕಳ ಕಥೆ ಇದೆಯಲ್ಲ, ಅಪ್ಪ ತೋಟಕ್ಕೆ ಹೋಗು ಅಂದರೆ ಒಬ್ಬ ಹೋಗಲ್ಲ ಅಂದು ಆಮೇಲೆ ಹೋದ, ಇನ್ನೊಬ್ಬ ಹೋಗುತ್ತೇನಪ್ಪಾ ಅಂದು ಹೋಗಲೇ ಇಲ್ಲ. ನಾನು ಆ ಎರಡನೆಯವನು. ಈಗ ಕೂಟಕ್ಕೆ ಹೋಗುವುದು ಕಡಿಮೆ. ರಾತ್ರಿ ಮಾರ್ಕನ ಸುವಾರ್ತೆ ಅರ್ಧ ಅಧ್ಯಾಯ ಓದುತ್ತೇನೆ, ಒಪ್ಪಿಗೆ ಆಗದಿದ್ದರೆ ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕುತ್ತೇನೆ. ಬೈಬಲಿನಲ್ಲಿ ಬೆರೋಯ ಅನ್ನುವ ಊರಿನವರು ಅಪೊಸ್ತಲ ಪೌಲ ಹೇಳಿದ್ದನ್ನೇ ದಿನವೂ ಶಾಸ್ತ್ರ ತೆಗೆದು ಹೌದೋ ಅಲ್ವೋ ಅಂತ ನೋಡುತ್ತಿದ್ದರಂತೆ. ಅವರನ್ನು ಅದಕ್ಕೆ ಹೊಗಳಿದ್ದಾರೆ, ಬೈದಿಲ್ಲ.

ಮತ್ತೊಬ್ಬರು, ಹಾಸನದಿಂದಲೇ:
ನಮ್ಮ ಅಜ್ಜಿ ಶೆಟ್ಟಿಹಳ್ಳಿಯವರು. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಚರ್ಚ್ ನೋಡಲು ಜನ ಕಾರು ಮಾಡಿಕೊಂಡು ಹೋಗುತ್ತಾರಲ್ಲ, ಅದೇ ಊರು. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಬಂದು ಊರು ಬಿಟ್ಟವರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವರ ಕಾಲದಲ್ಲಿ ಚರ್ಚಿನ ಪೂಜೆಯೂ ಲ್ಯಾಟಿನ್ ಭಾಷೆಯಲ್ಲಿ. 1962ರಿಂದ 65ರ ತನಕ ನಡೆದ ವ್ಯಾಟಿಕನ್ ಮಹಾಸಭೆಯ, ಅಂದರೆ ಕಥೋಲಿಕ ಬಿಷಪರ ದೊಡ್ಡ ಸಭೆಯ, ನಂತರವೇ ಪೂಜೆ ಕನ್ನಡಕ್ಕೆ ಬಂದಿದ್ದು. ಅಷ್ಟಾದರೂ ನಮ್ಮ ಮನೆಯಲ್ಲಿ ಶುಭಸಂದೇಶ ಬಲ್ಲವರು ಅಂದರೆ ಅಜ್ಜಿಯೇ. ಯಾಕೆಂದರೆ ದನ ನೋಡಿಕೊಳ್ಳಲು ಮನೆಯಲ್ಲಿ ಉಳಿದವರು ಸಂಜೆ 'ಫಾದರ್ ಇವತ್ತು ಏನು ಹೇಳಿದರು?' ಅಂತ ಕೇಳುತ್ತಿದ್ದರು, ಅಜ್ಜಿ ಹೇಳಲೇಬೇಕು. ಹೇಳಬೇಕು ಅಂತ ಗೊತ್ತಿದ್ದರೆ ಕಿವಿ ತಾನಾಗೇ ನೆಟ್ಟಗಾಗುತ್ತದೆ. ನಿಮ್ಮ ಮನೆಯಲ್ಲಿ ಚರ್ಚಿಗೆ ಬರಲಾಗದವರು ಯಾರಾದರೂ ಇದ್ದಾರಾ? ಅವರಿಗೆ ಹೇಳಿ ನೋಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೂಡಿಗೆರೆ ಅಣ್ಣಾ, ನಿಮ್ಮದನ್ನು ಎರಡು ಸಲ ಓದಿದೆ. ನಮ್ಮ ಮನೆ ಕೆಲಸದವಳ ರಜೆಯ ಲೆಕ್ಕ ನೆನಪಾಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಅತ್ತೆಗೆ ಮಂಡಿ ನೋವು, ಒಂದು ವರ್ಷದಿಂದ ಚರ್ಚಿಗೆ ಬಂದಿಲ್ಲ. ನಿನ್ನೆ ರಾತ್ರಿ ಕಾಲಿಗೆ ಎಣ್ಣೆ ಹಚ್ಚುತ್ತಾ ಬಿತ್ತುವವನ ಕಥೆ ಹೇಳಿದೆ. ದಾರಿ, ಬಂಡೆ, ಮುಳ್ಳು, ಒಳ್ಳೇ ನೆಲ, ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು, ಎಲ್ಲ ನೆನಪಿಗೆ ಬಂತು! ಅತ್ತೆ ಮೂವತ್ತು ವರ್ಷ ಆಲೂಗಡ್ಡೆ ಬೆಳೆದವರು. ಪೂರ್ತಿ ಕೇಳಿ, 'ದಾರಿ ಮೇಲೆ, ಬಂಡೆ ಮೇಲೆ ಯಾರೇ ಬಿತ್ತುತ್ತಾರೆ? ಬಿತ್ತನೆ ಬೀಜದ ರೇಟು ಗೊತ್ತಿಲ್ವಾ ಅವನಿಗೆ?' ಅಂದರು. ನನಗೆ ನಗು ಬಂತು, ಉತ್ತರ ಬರಲಿಲ್ಲ. ಈ ಭಾನುವಾರ ಅಯ್ಯನವರನ್ನೇ ಕೇಳಿಕೊಂಡು ಬಾ ಅಂತ ಹೇಳಿದ್ದಾರೆ.