ಪದಚರ್ಚೆ: ಬ್ಲೂಬೆರಿಗೂ ಅದರ ಮೇಲಿನ ಬಿಳಿ ಪುಡಿಗೂ ಕನ್ನಡ ಬೇಕು, ನಾಳೆಯೊಳಗೆ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯ ತೋಟವೊಂದಕ್ಕೆ ಹಣ್ಣು ಕೀಳಲು ಬರುವ ಕನ್ನಡದ ಹಿರಿಯರಿಗಾಗಿ ಒಂದು ಪುಟದ ಕರಪತ್ರ ನಾಳೆ ಅಚ್ಚಿಗೆ ಹೋಗಬೇಕು. ಬ್ಲೂಬೆರಿಗೆ ‘ನೀಲಿ ನೇರಳೆ’ ಅನ್ನಬಹುದೇ? ಬೆರಳು ತಾಗಿದರೆ ಅಳಿಸಿಹೋಗುವ ಬಿಳಿ ಪದರಕ್ಕೆ, ಇಂಗ್ಲಿಷಿನ ಬ್ಲೂಮ್‌ಗೆ, ಏನನ್ನೋಣ? ವಾಕ್ಯ ಇದು: ‘___ ಹೋಗದಂತೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ತಿನ್ನುವ ಮುಂಚೆ ಮಾತ್ರ ತೊಳೆಯಿರಿ.’

ಉತ್ತರ 1
‘ನೀಲಿ ನೇರಳೆ’ ಬೇಡವೇ ಬೇಡ. ನೇರಳೆಗೆ ಒಂದೇ ದಪ್ಪ ಬೀಜ, ತಿರುಳು ಒಗರು. ಇದರ ಬೀಜ ಹಲ್ಲಿಗೂ ಸಿಗುವುದಿಲ್ಲ, ಕೊಯ್ದರೆ ಒಳಗೆಲ್ಲ ತಿಳಿಹಸಿರು. ಮೇಲಾಗಿ ನೇರಳೆ ಅಂದೊಡನೆ ನಮ್ಮವರಿಗೆ ಸಕ್ಕರೆ ಕಾಯಿಲೆಯ ಮದ್ದು ನೆನಪಾಗುತ್ತದೆ. ಬ್ಲೂಬೆರಿಯ 100 ಗ್ರಾಂನಲ್ಲಿ ನಾರು 2.4 ಗ್ರಾಂ, ಸಕ್ಕರೆ ಸುಮಾರು 10 ಗ್ರಾಂ. ಒಳ್ಳೆಯ ಹಣ್ಣು ನಿಜ, ಮಾತ್ರೆಗೆ ಬದಲಲ್ಲ. ತೋಟದ ಬೆಳೆಯಾಗಿ ಇದು ಮೊದಲು ಮಾರಾಟಕ್ಕೆ ಬಂದದ್ದು ಅದೇ ನ್ಯೂಜೆರ್ಸಿಯ ವೈಟ್ಸ್‌ಬಾಗ್‌ನಿಂದ, 1916ರಲ್ಲಿ. ಹಣ್ಣಿನ ಜೊತೆ ಹೆಸರೂ ಬರಲಿ.

ಉತ್ತರ 2
ಒಪ್ಪಲಾರೆ. ಹಿಪ್ಪುನೇರಳೆ ನೇರಳೆಯ ಕುಲದ್ದೇ? ಮೆಣಸಿನಕಾಯಿ ಮೆಣಸಿನ ಬಳ್ಳಿಯದೇ? ನಮ್ಮ ಹಿಂದಿನವರು ಹೋಲಿಕೆ ನೋಡಿ ಹೆಸರಿಟ್ಟರು, ಕುಲ ಕೇಳಲಿಲ್ಲ. ‘ನೀಲಿ’ ಸಂಸ್ಕೃತದ ನೀಲ, ಅದನ್ನು ಬಿಟ್ಟು ‘ಕಿರುನೇರಳೆ’ ಅನ್ನಿ. ಬಿಳಿ ಪದರಕ್ಕೆ ಪದ ಹುಡುಕುವುದೇ ಬೇಡ: ಬೂದು. ಬೂದುಗುಂಬಳ ಎತ್ತಿದರೆ ಅಂಗೈಗೆ ಹತ್ತುವುದೂ ಇಂಥದೇ ಮೇಣದ ಪುಡಿ.

ಉತ್ತರ 1
ಸೇಬು ಪಾರಸಿಯದು, ಅನಾನಸ್ ಪೋರ್ಚುಗೀಸರು ತಂದದ್ದು. ಅವಕ್ಕಿಲ್ಲದ ಮಡಿ ಬ್ಲೂಬೆರಿಗೇಕೆ?

ಉತ್ತರ 2
ಹಳೆಯ ಸಾಲ ತೋರಿಸಿ ಹೊಸ ಸಾಲ ಕೇಳಬೇಡಿ.

ಉತ್ತರ 3
ಜಗಳ ಆಮೇಲೆ, ಅಚ್ಚು ನಾಳೆ. ಬರಿಯ ‘ಬೂದು’ ಸಾಲದು. ಕೃಷಿಯವರಿಗೆ ಬೂದಿರೋಗ, ಅಡುಗೆಮನೆಯವರಿಗೆ ಬೂಷ್ಟು ನೆನಪಾಗಿ ಉಜ್ಜಿ ತೊಳೆದೇ ಡಬ್ಬಿಗೆ ಹಾಕುತ್ತಾರೆ. ಬೂದು ಹೋದ ಹಣ್ಣು ಬೇಗ ಬಾಡುತ್ತದೆ, ತೇವ ನಿಂತಲ್ಲಿ ನಿಜವಾದ ಬೂಷ್ಟೇ ಹಿಡಿಯುತ್ತದೆ. ‘ಮೇಣದ ಬೂದು’ ಎಂದು ಬರೆದು ಗುರುತೂ ಹೇಳಿ: ಬೂದು ತೆಳ್ಳಗೆ ಹಣ್ಣಿನ ಮೈತುಂಬ ಇರುತ್ತದೆ, ಬೂಷ್ಟು ಹತ್ತಿಯ ಹಾಗೆ ಅಲ್ಲಲ್ಲಿ ಗುಂಪು ಕಟ್ಟುತ್ತದೆ.

ಬಣ್ಣದ ಮೇಲೆ ಹೆಸರು ಕಟ್ಟುವುದೂ ಕಷ್ಟ. ಸೋಡ ಜಾಸ್ತಿಯಾದ ಹಿಟ್ಟಿಗೆ ಈ ಹಣ್ಣು ಬಿದ್ದರೆ ಸುತ್ತ ಹಸಿರಾಗುತ್ತದೆ, ನಿಂಬೆರಸ ಬಿದ್ದರೆ ಕೆಂಪಗಾಗುತ್ತದೆ. ಕರಪತ್ರದಲ್ಲಿ ಕೇಕಿನ ಮಾತು ಬಂದರೆ ಆ ಸಾಲಿನಲ್ಲಿ ‘ಸೋಡ ಅಳತೆ ಮೀರದಿರಲಿ, ಹಣ್ಣನ್ನು ಕೊನೆಗೆ ಮೆಲ್ಲಗೆ ಬೆರೆಸಿ’ ಎಂದು ಸೇರಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ದಿನಕ್ಕೆ ತಿನ್ನುವ ಹಣ್ಣನ್ನು ಒಮ್ಮೆಲೇ ಏರಿಸಬಾರದು, ಹಣ್ಣಿನಲ್ಲಿರುವ ವಿಟಮಿನ್ ಕೆ ಆ ಮದ್ದಿಗೆ ಎದುರು. ಅದಕ್ಕೂ ಒಂದು ಸಾಲು ಇರಲಿ. ಅಂಗಡಿಯಲ್ಲಿ ಆ ಹಿರಿಯರು ಕೇಳಬೇಕಾದ ಹೆಸರು ಬ್ಲೂಬೆರಿಯೇ, ಅದನ್ನೇ ಬರೆಯಿರಿ.

ಕೇಳಿದವರಿಂದ
ಉಪಕಾರವಾಯಿತು. ‘ಬ್ಲೂಬೆರ್ರಿ’, ‘ಮೇಣದ ಬೂದು’ ಎಂದು ಹಾಕುತ್ತಿದ್ದೇನೆ.

ಉತ್ತರ 2
ತರುವುದೇ ಆದರೆ ನೆಟ್ಟಗೆ ತನ್ನಿ. ಬೆರ್ರಿ ಅಲ್ಲ, ಬೆರಿ. ಆ ಒತ್ತು ತೆಗೆಯಿರಿ.