ಅಪ್‌ಡೇಟ್: ಫಂಕ್ ಹಾಡುಗಳ ವೇಗ ಹೆಚ್ಚಿಸಿದ್ದು

ವ್ಯಾಯಾಮಕ್ಕೆ ಅಂತ ಹಳೇ ಫಂಕ್ (ತಾಳಕ್ಕೆ ಒತ್ತು ಕೊಡುವ ಅಮೆರಿಕದ ಕುಣಿತದ ಸಂಗೀತ) ಹಾಡುಗಳ ವೇಗ ಹೆಚ್ಚಿಸಿದರೆ ದನಿ ಕೀರಲಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನಾನು ಆಡಾಸಿಟಿ ಎಂಬ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ‘ಚೇಂಜ್ ಸ್ಪೀಡ್’ ಬಳಸುತ್ತಿದ್ದೆ. ಅದರಲ್ಲಿ ವೇಗದ ಜೊತೆ ಶ್ರುತಿಯೂ ಏರುತ್ತದೆ. ವೇಗ ಶೇ. 6ರಷ್ಟು ಹೆಚ್ಚಿದರೆ ಹೆಚ್ಚುಕಮ್ಮಿ ಅರ್ಧ ಸ್ವರ ಮೇಲೆ. ನೀವು ಹೇಳಿದ ‘ಚೇಂಜ್ ಟೆಂಪೊ’ದಲ್ಲಿ ಶ್ರುತಿ ಇದ್ದಲ್ಲೇ ಇದೆ.

ಮೊದಲು ಕೂತಿದ್ದು ಸ್ಟೀವಿ ವಂಡರ್ ಅವರ 1972ರ ‘ಸೂಪರ್‌ಸ್ಟಿಷನ್’ ಮೇಲೆ. ಮೂಲದಲ್ಲಿ ನಿಮಿಷಕ್ಕೆ ಸುಮಾರು 100 ಬೀಟ್. 120ಕ್ಕೆ ಏರಿಸಿದೆ. ದನಿ ಸರಿಯಿತ್ತು, ಆದರೆ ಶುರುವಿನ ಡ್ರಮ್ಸ್ ಕೆಟ್ಟಿತು. ಹೈ-ಹ್ಯಾಟ್‌ನ (ಡ್ರಮ್ಸ್‌ನಲ್ಲಿರುವ ಜೋಡಿ ತಾಳ) ಏಟು ಮಸುಕಾಗಿ, ಒಂದು ಪೆಟ್ಟು ಎರಡು ಸಲ ಬಿದ್ದ ಹಾಗೆ ಕೇಳಿಸಿತು. ಕ್ಲಾವಿನೆಟ್ ಎಂಬ ಕೀಬೋರ್ಡ್‌ನ ಪೆಟ್ಟುಗಳ ನಡುವಿನ ಆ ಪುಟ್ಟ ಬಿಡುವೂ ಹೋಯಿತು. ಫಂಕ್‌ನ ಜೀವ ಇರುವುದೇ ಆ ಬಿಡುವಿನಲ್ಲಿ, ಅಲ್ವಾ? 110ಕ್ಕೆ ಇಳಿಸಿದೆ. ಎಲ್ಲ ವಾಪಸ್ ಬಂತು!

ಈಗ ಯಾವ ಹಾಡಿಗೂ ಶೇ. 10ಕ್ಕಿಂತ ಜಾಸ್ತಿ ಏರಿಸುವುದಿಲ್ಲ. ಸ್ಕ್ವಾಟ್‌ಗೆ, ಸೈಕಲ್‌ಗೆ ಅಷ್ಟು ಸಾಕು. ಓಟಕ್ಕೆ ಬೇರೆ ಹಾಡು ಹುಡುಕುತ್ತಿದ್ದೇನೆ. ಫಂಕ್ ಗಾಯಕ ಜೇಮ್ಸ್ ಬ್ರೌನ್ ಹಾಡುಗಳನ್ನು ಮಾತ್ರ ಮುಟ್ಟಿಲ್ಲ. ಮೊದಲ ಬೀಟಿಗೆ ಅವರು ಕೊಡುವ ಒತ್ತಿಗೆ ಕಾಲು ತಾನಾಗೇ ಏಳುತ್ತದೆ.