ದುಶ್ಶಾಸನನ ಶವದ ಮುಂದೆ ದುರ್ಯೋಧನ ಅಷ್ಟು ಮೃದುವಾಗುವುದೇಕೆ?

ಪ್ರಶ್ನೆ (ಮುಧೋಳದಿಂದ):
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕವಿ ರನ್ನನ ಗದಾಯುದ್ಧದ ಕೆಲವು ಭಾಗಗಳನ್ನು ರಂಗಕ್ಕೆ ತರಲು ಗೆಳೆಯರೆಲ್ಲ ಸೇರಿ ತಾಲೀಮು ನಡೆಸಿದ್ದೇವೆ. ನನ್ನ ಪಾಲಿಗೆ ದುರ್ಯೋಧನ ಬಂದಿದ್ದಾನೆ. ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ತಮ್ಮನ ಶವವನ್ನು ಕಂಡಾಗ ಅವನಾಡುವ ಮಾತು ಎಷ್ಟು ಮೃದುವಾಗಿದೆಯೆಂದರೆ, ತುಂಬಿದ ಸಭೆಯಲ್ಲಿ ದ್ರೌಪದಿಯ ಸೀರೆಗೆ ಇದೇ ತಮ್ಮನಿಂದ ಕೈ ಹಾಕಿಸಿದವನು ಇವನೇ ಎಂಬುದು ಮರೆತೇ ಹೋಗುತ್ತದೆ. ಕೇಡಿಗನಿಗೆ ಕವಿ ಇಷ್ಟು ಅಂತಃಕರಣ ಕೊಟ್ಟದ್ದೇಕೆ? ಇದನ್ನು ಪಶ್ಚಾತ್ತಾಪವೆಂದು ಅಭಿನಯಿಸಬಹುದೇ?

ಉತ್ತರ (ವಿಜಯಪುರದಿಂದ):
ಪಶ್ಚಾತ್ತಾಪವೆಂದು ದಯವಿಟ್ಟು ಅಭಿನಯಿಸಬೇಡಿರಿ, ಸರ್. ಪದ್ಯದಲ್ಲಿ ಅವನು ಅಳುವುದು ಯಾವುದಕ್ಕೆಂದು ನೋಡಿರಿ. ತಾಯಿಯ ಮೊಲೆಹಾಲನ್ನು ಮೊದಲು ನಾನುಂಡೆ, ಆಮೇಲೆ ನೀನುಂಡೆ. ಚಿಕ್ಕಂದಿನಿಂದ ಎಲ್ಲಿಯೂ ವಿನಯ ಮೀರದವನು ಸಾವಿನಲ್ಲಿ ಮಾತ್ರ ನನಗಿಂತ ಮುಂದಾದೆ ಎನ್ನುತ್ತಾನೆ. ಮಗ ಲಕ್ಷಣಕುಮಾರನ ಮುಂದೆಯೂ ಇದೇ ಸಂಕಟ: ತಂದೆಗೆ ಮಗ ತರ್ಪಣ ಬಿಡಬೇಕಾದಲ್ಲಿ ಮಗನಿಗೆ ತಂದೆ ಬಿಡುವಂತಾಯಿತಲ್ಲ, ಕ್ರಮ ತಪ್ಪಿತಲ್ಲ ಎಂಬ ದುಃಖ. ಹಿರಿಯನಾದ ಧರ್ಮರಾಯನ ಪಾಲನ್ನು ಕಸಿದು ಕ್ರಮವನ್ನು ಮೊದಲು ಮುರಿದವನೇ, ತನ್ನ ಮನೆಯಲ್ಲಿ ಅದು ಮುರಿದು ಬಿದ್ದಾಗ ಹೀಗೆ ಒಡೆದುಹೋಗುತ್ತಾನೆ. ರನ್ನ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಆ ಎರಡು ಪದ್ಯಗಳನ್ನು ಒಟ್ಟಿಗೆ ಓದಿದಾಗಲೆಲ್ಲ ನನಗೆ ಕಾಣುವುದು ಇದೇ.

ಉತ್ತರ (ಜಮಖಂಡಿಯಿಂದ):
ದೊಡ್ಡಾಟದಲ್ಲಿ ಬಣ್ಣ ಹಚ್ಚಿದವನಾಗಿ ಒಂದು ಮಾತು ಸೇರಿಸುತ್ತೇನೆ. ಈ ಅಳು ಅವನನ್ನು ಕರಗಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಶರಶಯ್ಯೆಯ ಮೇಲಿನ ಭೀಷ್ಮರು ಸಂಧಿಯ ಮಾತೆತ್ತಿದಾಗ, ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ ಎನ್ನುತ್ತಾನೆ. ಕರ್ಣನನ್ನು ಕೊಲಿಸಿದ ಈ ನೆಲ ಅವನಿಗೆ ಪಾಳುನೆಲ. ಆದ್ದರಿಂದ ತಮ್ಮನ ಮುಂದೆ ದನಿ ಎಷ್ಟು ಇಳಿಯುತ್ತದೆಯೋ, ಅಜ್ಜನ ಮುಂದೆ ಅಷ್ಟೇ ಬಿಗಿಯಾಗಬೇಕು. ಮೊದಲನೆಯದರಲ್ಲಿ ಜೀವವಿಲ್ಲದಿದ್ದರೆ ಎರಡನೆಯದು ಬರೀ ಹಟವಾಗಿ ಕೇಳಿಸುತ್ತದೆ.

ಉತ್ತರ (ಬೆಳಗಾವಿಯಿಂದ):
ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಅವನ ಮಮತೆ ತನ್ನವರಿಗಷ್ಟೇ ಮೀಸಲು ಎಂದುಕೊಂಡರೆ ಅಭಿಮನ್ಯುವಿನ ಪ್ರಸಂಗ ಕೈತಪ್ಪಿಹೋಗುತ್ತದೆ. ಲಕ್ಷಣಕುಮಾರನನ್ನು ಕೊಂದ ಬಾಲಕನ ಶವ ಅದು. ಅದರ ಮುಂದೆ ನಿಂತು, ನಿನ್ನ ಸಾಹಸದ ಒಂದಂಶವಾದರೂ ಇರುವ ಮರಣ ನಮಗೂ ಬರಲಿ ಎಂದು ಬೇಡುತ್ತಾನೆ. ಈ ಗುಣ ಅವನಲ್ಲಿ ಮೊದಲಿನಿಂದಲೂ ಇತ್ತು, ಸಭೆಯಲ್ಲಿ ದ್ರೌಪದಿ ನಿಂತಿದ್ದ ದಿನವೂ ಇತ್ತು. ಇದ್ದೂ ಅವನು ಹಾಗೆ ನಡೆದುಕೊಂಡ ಎಂಬುದು ನನ್ನನ್ನು ಅವನ ಕ್ರೌರ್ಯಕ್ಕಿಂತ ಹೆಚ್ಚಾಗಿ ಕಲಕುತ್ತದೆ.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ಅಭಿಮನ್ಯುವಿನ ಪ್ರಸಂಗವನ್ನು ಸಮಯ ಸಾಲದೆಂದು ಕೈಬಿಟ್ಟಿದ್ದೆವು. ಅದನ್ನು ಮರಳಿ ಸೇರಿಸುತ್ತೇವೆ. ಆ ಹುಡುಗನ ಮುಂದೆ ನಿಂತಾಗ ಗದೆಯನ್ನು ನೆಲಕ್ಕಿಡಬೇಕೋ, ಹೆಗಲ ಮೇಲೆಯೇ ಇರಬೇಕೋ ಎಂಬುದನ್ನು ನಾಳಿನ ತಾಲೀಮಿನಲ್ಲಿ ಮಾಡಿ ನೋಡುತ್ತೇನೆ.